ನೆರೆ ಇಳಿದ ಮೇಲಿನ ಕೆಲಸ: ಸರ್ದಾರ್ ವಲ್ಲಭಭಾಯಿ ಪಟೇಲರ ಜೀವನದ ಒಂದು ಅಧ್ಯಾಯ

ಸರ್ದಾರ್ ವಲ್ಲಭಭಾಯಿ ಪಟೇಲರೆಂದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ದೇಶೀಯ ಸಂಸ್ಥಾನಗಳ ವಿಲೀನೀಕರಣ. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡು, ಬೀದರ, ಕಲಬುರಗಿ, ರಾಯಚೂರು ಸೀಮೆಯ ಕನ್ನಡಿಗರು ಸ್ವತಂತ್ರ ಭಾರತದ ಪ್ರಜೆಗಳಾದದ್ದು ಅವರ ದೃಢ ನಿರ್ಧಾರದಿಂದ. ಆದುದರಿಂದ ಕರ್ನಾಟಕದ ಮನೆಮನೆಗಳಲ್ಲಿ ಅವರ ಹೆಸರು ಕೃತಜ್ಞತೆಯಿಂದ ನೆನೆಯಲ್ಪಡುತ್ತದೆ. ಆದರೆ ಉದ್ಯೋಗ, ವ್ಯಾಪಾರಗಳ ನಿಮಿತ್ತ ಅಹಮದಾಬಾದ್, ವಡೋದರಾ, ಸೂರತ್ ನಗರಗಳಿಗೆ ಬಂದು, ಇಲ್ಲಿಯೇ ಬೇರುಬಿಟ್ಟಿರುವ ನಮ್ಮಂಥ ಕನ್ನಡ ಕುಟುಂಬಗಳು ತಿಳಿಯಲೇಬೇಕಾದ ಇನ್ನೊಂದು ಅಧ್ಯಾಯ ಈ ಮಹನೀಯರ ಬಾಳಿನಲ್ಲಿದೆ. ಅದು ಅವರು ಉಪಪ್ರಧಾನಿಯಾಗುವುದಕ್ಕಿಂತ ಇಪ್ಪತ್ತು ವರ್ಷಗಳ ಹಿಂದಿನದು. ನಾವು ಇಂದು ಓಡಾಡುತ್ತಿರುವ ಇದೇ ಬೀದಿಗಳಲ್ಲಿ, ಇದೇ ನದೀತೀರಗಳಲ್ಲಿ ನಡೆದದ್ದು. ಪ್ರಕೃತಿಯ ಮುನಿಸಿಗೆ ಸಿಕ್ಕಿ ಮನೆಮಠ ಕಳೆದುಕೊಂಡ ಜನ ಮತ್ತೆ ತಮ್ಮ ಕಾಲ ಮೇಲೆ ನಿಲ್ಲುವಂತೆ ಮಾಡಿದ ಅಧ್ಯಾಯ ಅದು. ಆ ಕೆಲಸದಲ್ಲಿಯೇ ಸರ್ದಾರರು ರೂಪುಗೊಂಡರೆಂದರೆ ತಪ್ಪಾಗಲಾರದು.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಲ್ಲಭಭಾಯಿಯವರು 1875ರ ಅಕ್ಟೋಬರ್ 31ರಂದು ನಡಿಯಾದಿನಲ್ಲಿ ಜನಿಸಿದರೆಂದು ದಾಖಲೆಗಳು ಹೇಳುತ್ತವೆ. ಕಾಕತಾಳೀಯವೆಂಬಂತೆ ಅದೇ ವರ್ಷ ಸಾಬರಮತಿಗೆ ಭಾರಿ ಪ್ರವಾಹ ಬಂದು, ಅಹಮದಾಬಾದಿನ ಮೊದಲ ಎಲ್ಲಿಸ್ ಸೇತುವೆ ಕೊಚ್ಚಿಹೋಗಿತ್ತು. ಇಂದು ನಾವು ಕಾಣುವ ಹಳೆಯ ಉಕ್ಕಿನ ಸೇತುವೆ ಆ ಬಳಿಕ, 1892ರಲ್ಲಿ ಪೂರ್ಣಗೊಂಡದ್ದು. ತಂದೆ ಝವೇರಭಾಯಿ, ತಾಯಿ ಲಾಡಬಾ. ಮನೆತನದ ಊರು ಕರಮಸದ, ಚರೋತರ ಎಂದು ಹೆಸರಾದ ಫಲವತ್ತಾದ ಸೀಮೆಯ ಒಂದು ಹಳ್ಳಿ. ಮನೆತನಕ್ಕೆ ಒಕ್ಕಲುತನವೇ ಆಧಾರ. ಬಾಲಕ ವಲ್ಲಭ ತಂದೆಯೊಡನೆ ಹೊಲಕ್ಕೆ ಹೋಗಿಬರುತ್ತಿದ್ದನು. ಮಳೆ ಕೈಕೊಟ್ಟರೆ ಏನಾಗುತ್ತದೆ, ಮಳೆ ಅತಿಯಾದರೆ ಏನಾಗುತ್ತದೆ, ಬಿತ್ತನೆಯ ಹದ ಒಂದು ವಾರ ತಪ್ಪಿದರೆ ಇಡೀ ವರ್ಷ ಹೇಗೆ ಕಳೆಯುತ್ತದೆ ಎಂಬ ಒಕ್ಕಲಿಗನ ಲೆಕ್ಕಾಚಾರ ಅವರಿಗೆ ಪುಸ್ತಕದಿಂದ ಬಂದದ್ದಲ್ಲ.

ಪೇಟಲಾದ, ನಡಿಯಾದಗಳಲ್ಲಿ ಓದಿ, ನಡುವೆ ಕೆಲಕಾಲ ಬರೋಡಾದ ಪ್ರೌಢಶಾಲೆಯಲ್ಲಿಯೂ ಇದ್ದು, 22ನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿದರು. ಕಾಲೇಜಿಗೆ ಹೋಗುವ ಅನುಕೂಲವಿರಲಿಲ್ಲ. ಪರಿಚಿತ ವಕೀಲರಿಂದ ಪುಸ್ತಕಗಳನ್ನು ಎರವಲು ತಂದು ಓದಿ, ಜಿಲ್ಲಾ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1900ರಲ್ಲಿ ಗೋಧ್ರಾದಲ್ಲಿ ವಕೀಲಿ ಆರಂಭಿಸಿದರು. ಆಗ ಗುಜರಾತು ತನ್ನ ಇತಿಹಾಸದ ಅತಿ ಭೀಕರ ಬರಗಾಲವೊಂದನ್ನು ಎದುರಿಸುತ್ತಿತ್ತು. ವಿಕ್ರಮ ಸಂವತ್ 1956ರಲ್ಲಿ ಬಂದುದರಿಂದ ಇಲ್ಲಿನ ಹಿರಿಯರು ಅದನ್ನು ಇಂದಿಗೂ ಛಪ್ಪನಿಯಾ ಎಂದು ಕರೆಯುತ್ತಾರೆ. ಬರದ ಬೆನ್ನಿಗೆ ಪ್ಲೇಗು ಬಂದಿತು.

ಗೋಧ್ರಾದಲ್ಲಿ ಅವರ ಸ್ನೇಹಿತರೊಬ್ಬರಿಗೆ ಪ್ಲೇಗು ತಗುಲಿದಾಗ ವಲ್ಲಭಭಾಯಿಯವರು ತಾವೇ ನಿಂತು ಆರೈಕೆ ಮಾಡಿದರು. ಸ್ನೇಹಿತರು ಉಳಿಯಲಿಲ್ಲ, ರೋಗ ಇವರಿಗೂ ತಗುಲಿತು. ಆಗ ಅವರು ಪತ್ನಿ ಝವೇರಬಾ ಅವರನ್ನು ಕರಮಸದಕ್ಕೆ ಕಳುಹಿಸಿ, ತಾವು ನಡಿಯಾದಿನಲ್ಲಿ ಒಂಟಿಯಾಗಿದ್ದು ಗುಣಮುಖರಾದರು. ವಿಪತ್ತಿನೊಡನೆ ಅವರ ಮೊದಲ ಮುಖಾಮುಖಿ ಇದು.

ಮುಂದೆ ಬೋರಸದದಲ್ಲಿ ಹೆಸರಾಂತ ಕ್ರಿಮಿನಲ್ ವಕೀಲರಾದರು. ಮಗಳು ಮಣಿಬೆನ್ 1903ರಲ್ಲಿ, ಮಗ ಡಾಹ್ಯಾಭಾಯಿ 1905ರಲ್ಲಿ ಹುಟ್ಟಿದರು. 1909ರ ಜನವರಿಯಲ್ಲಿ ಪತ್ನಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಮರಣವಾರ್ತೆಯ ತಂತಿ ಕೈಗೆ ಬಂದಾಗ ಅವರು ನ್ಯಾಯಾಲಯದಲ್ಲಿ ಸಾಕ್ಷಿಯ ಪಾಟೀಸವಾಲಿನಲ್ಲಿದ್ದರು. ತಂತಿಯನ್ನು ಓದಿ, ಜೇಬಿಗಿಟ್ಟುಕೊಂಡು, ಹಿಡಿದ ಕೆಲಸವನ್ನು ಮುಗಿಸಿದ ಪ್ರಸಂಗ ಸುಪ್ರಸಿದ್ಧವಾಗಿದೆ. ಇಬ್ಬರು ಎಳೆಯ ಮಕ್ಕಳು ತಾಯಿಯಿಲ್ಲದವರಾದರು. ಅವರು ಮರುಮದುವೆಯಾಗಲಿಲ್ಲ. 1910ರಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಇಂಗ್ಲೆಂಡಿಗೆ ತೆರಳಿ, 1913ರಲ್ಲಿ ಹಿಂದಿರುಗಿ ಅಹಮದಾಬಾದಿನಲ್ಲಿ ನೆಲೆಸಿದರು. ತಾಯಿಯನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಮಣಿಬೆನ್ ಅವರೇ ಮುಂದೆ ತಂದೆಯ ಕೊನೆಯ ದಿನದವರೆಗೂ ನೆರಳಿನಂತೆ ಜೊತೆಗಿದ್ದು ಅವರ ಎಲ್ಲ ಕೆಲಸಗಳನ್ನು ನೋಡಿಕೊಂಡರು.

ಪ್ಲೇಗಿನ ಊರು, ಬೆಳೆ ಹೋದ ಜಿಲ್ಲೆ

1917ರಲ್ಲಿ ವಲ್ಲಭಭಾಯಿಯವರು ಅಹಮದಾಬಾದ್ ಪುರಸಭೆಗೆ ಸದಸ್ಯರಾಗಿ ಆಯ್ಕೆಯಾಗಿ, ನೈರ್ಮಲ್ಯ ಸಮಿತಿಯ ಅಧ್ಯಕ್ಷರಾದರು. ಅದೇ ವರ್ಷ ನಗರದಲ್ಲಿ ಪ್ಲೇಗು ಹಬ್ಬಿತು. ಶಾಲೆಗಳು, ನ್ಯಾಯಾಲಯಗಳು ಮುಚ್ಚಿದವು. ಅನುಕೂಲವಿದ್ದವರು ಊರು ಬಿಟ್ಟರು. ಕೊಚರಬದಲ್ಲಿದ್ದ ಗಾಂಧೀಜಿಯವರ ಆಶ್ರಮ ಸಾಬರಮತಿಯ ದಡಕ್ಕೆ ಸ್ಥಳಾಂತರಗೊಂಡುದಕ್ಕೂ ಈ ಪ್ಲೇಗೇ ಕಾರಣ. ವಲ್ಲಭಭಾಯಿಯವರು ಮಾತ್ರ ಊರು ಬಿಡಲಿಲ್ಲ. ನೈರ್ಮಲ್ಯದ ಹೊಣೆ ಹೊತ್ತವನೇ ಓಡಿಹೋದರೆ ಉಳಿದವರು ಯಾರ ಮುಖ ನೋಡಬೇಕೆಂಬುದು ಅವರ ವಿಚಾರ. ಹಳೆಯ ಊರಿನ ಪೋಳುಗಳಲ್ಲಿ ದಿನನಿತ್ಯ ಸುತ್ತಾಡಿ, ಚರಂಡಿ, ಕಸ, ನೀರುಗಳ ವ್ಯವಸ್ಥೆಯನ್ನು ಖುದ್ದಾಗಿ ನೋಡಿಕೊಂಡರು.

ಅದೇ ವರ್ಷದ ಅತಿವೃಷ್ಟಿಯಿಂದ ಖೇಡಾ ಜಿಲ್ಲೆಯ ಬೆಳೆ ನಾಶವಾಯಿತು. ಬೆಳೆ ನಾಲ್ಕಾಣೆಗಿಂತ ಕಡಿಮೆಯಾದರೆ ಕಂದಾಯ ವಸೂಲಿಯನ್ನು ಮುಂದೂಡಬೇಕೆಂದು ಸರಕಾರದ ನಿಯಮವೇ ಇದ್ದರೂ, ಅಧಿಕಾರಿಗಳು ಬೆಳೆಯ ಅಂದಾಜನ್ನು ಹೆಚ್ಚಿಗೆ ತೋರಿಸಿ ವಸೂಲಿಗೆ ಮುಂದಾದರು. 1918ರ ಮಾರ್ಚಿನಲ್ಲಿ ಗಾಂಧೀಜಿಯವರು ಖೇಡಾ ಸತ್ಯಾಗ್ರಹವನ್ನು ಆರಂಭಿಸಿದಾಗ, ಕೈತುಂಬ ಗಳಿಕೆಯಿದ್ದ ಬ್ಯಾರಿಸ್ಟರ್ ವೃತ್ತಿಯನ್ನು ಬದಿಗಿರಿಸಿ ವಲ್ಲಭಭಾಯಿಯವರು ಅವರ ಬಲಗೈಯಾಗಿ ನಿಂತರು. ವಿಲಾಯತಿ ಉಡುಪು ಹೋಗಿ ಧೋತರ, ಅಂಗಿ ಬಂದವು. ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆ. ಯಾವ ಊರಿನಲ್ಲಿ ಯಾರನ್ನು ನಂಬಬಹುದು, ಯಾರ ಮಾತನ್ನು ಜನ ಕೇಳುತ್ತಾರೆ ಎಂಬ ತಿಳಿವಳಿಕೆ ಅವರಿಗೆ ದೊರೆತದ್ದು ಆಗ. ಒಂಬತ್ತು ವರ್ಷಗಳ ಬಳಿಕ ಇದೇ ಹಳ್ಳಿಗಳು ನೀರಿನಲ್ಲಿ ಮುಳುಗಿದಾಗ ಈ ತಿಳಿವಳಿಕೆಯೇ ಸಾವಿರಾರು ಜನರ ಪ್ರಾಣ ಉಳಿಸಿತು.

ಮಕ್ಕಳ ಶಾಲೆಗಳು ನಿಲ್ಲಬಾರದು

ಅಸಹಕಾರ ಚಳವಳಿಯ ಕಾಲದಲ್ಲಿ ಅಹಮದಾಬಾದ್ ಪುರಸಭೆಯು ತನ್ನ ಪ್ರಾಥಮಿಕ ಶಾಲೆಗಳಿಗೆ ಸರಕಾರದ ಅನುದಾನವನ್ನೂ ತಪಾಸಣೆಯನ್ನೂ ನಿರಾಕರಿಸಿತು. ಇದರ ಹಿಂದಿನ ಶಕ್ತಿ ವಲ್ಲಭಭಾಯಿ. 1922ರಲ್ಲಿ ಸರಕಾರವು ಪುರಸಭೆಯನ್ನೇ ರದ್ದುಗೊಳಿಸಿತು. ಆದರೆ ಜಗಳ ದೊಡ್ಡವರದು. ಅದರಿಂದ ಮಕ್ಕಳ ಓದು ಕೆಡಬಾರದೆಂದು ನಾಗರಿಕರ ಶಿಕ್ಷಣ ಮಂಡಳಿಯೊಂದು ರಚನೆಗೊಂಡು, ಜನರ ವಂತಿಗೆಯಿಂದ ರಾಷ್ಟ್ರೀಯ ಶಾಲೆಗಳು ನಡೆದವು. 1920ರಲ್ಲಿಯೇ ಸ್ಥಾಪನೆಯಾಗಿದ್ದ ಗುಜರಾತ್ ವಿದ್ಯಾಪೀಠವು ಹೊಸ ಬಗೆಯ ತರುಣರನ್ನು ತಯಾರು ಮಾಡುತ್ತಿತ್ತು. ಓದಿನೊಡನೆ ಊರಿನ ಸೇವೆಯನ್ನೂ ಕಲಿತ ಈ ತರುಣರೇ ಮುಂದಿನ ಪ್ರಕೃತಿ ವಿಕೋಪದಲ್ಲಿ ಕೈಗೆ ಬಂದವರು. 1924ರಲ್ಲಿ ವಲ್ಲಭಭಾಯಿಯವರು ಪುರಸಭೆಯ ಅಧ್ಯಕ್ಷರಾಗಿ ಆರಿಸಿಬಂದರು. ನೀರು, ಒಳಚರಂಡಿ, ರಸ್ತೆ, ಹೊಸ ಬಡಾವಣೆಗಳ ಯೋಜನೆ ಇವೇ ಮುಂದಿನ ನಾಲ್ಕು ವರ್ಷಗಳ ಅವರ ನಿತ್ಯದ ಕಾರ್ಯವಾಯಿತು.

1927ರ ಜುಲೈ

1927ರ ಜುಲೈ ಕೊನೆಯ ವಾರದಲ್ಲಿ ಮಧ್ಯ ಗುಜರಾತಿನ ಮೇಲೆ ಮಳೆ ಸುರಿಯತೊಡಗಿತು. ಒಂದು ದಿನವಲ್ಲ, ಎರಡು ದಿನವಲ್ಲ. ಬಿಡುವಿಲ್ಲದೆ ಹೆಚ್ಚುಕಡಿಮೆ ಆರು ದಿನ. ಸಾಬರಮತಿ, ಮಹೀ, ವಿಶ್ವಾಮಿತ್ರಿ ನದಿಗಳು ದಡ ಮೀರಿದವು. ಅಹಮದಾಬಾದ್, ಖೇಡಾ ಜಿಲ್ಲೆಗಳು, ಗಾಯಕವಾಡರ ಬರೋಡಾ ಸಂಸ್ಥಾನದ ಪ್ರದೇಶಗಳು ಜಲಾವೃತವಾದವು. ಬರೋಡಾ ನಗರದೊಳಕ್ಕೇ ವಿಶ್ವಾಮಿತ್ರಿಯ ನೀರು ನುಗ್ಗಿತು. ಅಹಮದಾಬಾದ್ ಮತ್ತು ಬರೋಡಾಗಳ ನಡುವಣ ರೈಲು ಹಳಿ ಅಲ್ಲಲ್ಲಿ ಕೊಚ್ಚಿಹೋಯಿತು. ತಂತಿಗಳು ಕಡಿದವು. ಮಣ್ಣಿನ ಗೋಡೆಯ ಮನೆಗಳು ನೆನೆದು ಕುಸಿದವು. ದನಕರುಗಳು ತೇಲಿಹೋದವು. ಆಗತಾನೆ ಬಿತ್ತಿದ್ದ ಮುಂಗಾರು ಬೆಳೆ ಹೊಲದ ಮಣ್ಣಿನೊಡನೆ ತೊಳೆದುಹೋಯಿತು.

ಮಳೆಯ ಅಬ್ಬರ ಹೆಚ್ಚಾದ ರಾತ್ರಿ ಪುರಸಭೆಯ ಅಧ್ಯಕ್ಷರಿಗೆ ನಿದ್ರೆ ಬರಲಿಲ್ಲ. ಎದ್ದು ಹೊರಟು, ಸ್ನೇಹಿತರೊಬ್ಬರ ಮನೆಗೆ ಹೋಗಿ ಅವರನ್ನು ಎಬ್ಬಿಸಿ, ಇಬ್ಬರೂ ಸುರಿಯುವ ಮಳೆಯಲ್ಲಿ ನಗರವನ್ನು ಸುತ್ತಿದರು. ಎಲ್ಲಿ ನೀರು ನಿಂತಿದೆ, ಎಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ ಎಂಬುದನ್ನು ಕಣ್ಣಾರೆ ಕಂಡು, ಬೆಳಗಾಗುವ ಮುನ್ನ ಪುರಸಭೆಯ ಎಂಜಿನಿಯರರ ಮನೆಯ ಬಾಗಿಲು ತಟ್ಟಿದರು. ಆಳುಗಳನ್ನು ಕರೆಸಿ, ಅಡ್ಡವಾಗಿದ್ದ ಮೋರಿಗಳನ್ನು ಒಡೆಸಿ ನೀರಿಗೆ ದಾರಿ ಮಾಡಿಸಿದರು. ನಗರದ ತಗ್ಗು ಪ್ರದೇಶಗಳು ಇನ್ನೂ ದೊಡ್ಡ ಅನಾಹುತದಿಂದ ಪಾರಾದವು.

ನಗರದ ನೀರು ಇಳಿಯುವ ಮೊದಲೇ ಅವರ ಗಮನ ಹಳ್ಳಿಗಳತ್ತ ಹರಿಯಿತು. ಗುಜರಾತ್ ಪ್ರಾಂತೀಯ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರೂ ಅವರೇ. ರೈಲಿಲ್ಲ, ಅಂಚೆಯಿಲ್ಲ, ರಸ್ತೆಯಿಲ್ಲ. ಸ್ವಯಂಸೇವಕರು ಕೆಸರಿನಲ್ಲಿ, ಎದೆಮಟ್ಟದ ನೀರಿನಲ್ಲಿ ನಡೆದೇ ಹೊರಟರು. ಖೇಡಾದ ಹಳ್ಳಿಗಳನ್ನು ಅಂಗೈಯಂತೆ ಬಲ್ಲ ರವಿಶಂಕರ ಮಹಾರಾಜರು, ರಾಜ್ಯ ಕಳೆದುಕೊಂಡು ಜನಸೇವೆಗಿಳಿದಿದ್ದ ದರಬಾರ್ ಗೋಪಾಲದಾಸರು, ಬರೋಡಾದ ಕಡೆಯಲ್ಲಿ ಡಾ. ಸುಮಂತ ಮೆಹ್ತಾ, ದಾಹೋದದಲ್ಲಿ ಭಿಲ್ಲರ ಮಕ್ಕಳಿಗಾಗಿ ಆಶ್ರಮಶಾಲೆಗಳನ್ನು ನಡೆಸುತ್ತಿದ್ದ ಠಕ್ಕರ್ ಬಾಪಾ ಮುಂತಾದವರು ಈ ಕಾರ್ಯದಲ್ಲಿ ಕೈಜೋಡಿಸಿದರು. ಸೂರತ್ ಜಿಲ್ಲೆಯ ಬಾರ್ಡೋಲಿ ಕಡೆಯಿಂದಲೂ ಕಾರ್ಯಕರ್ತರು ಬಂದರು. ಸರಕಾರದ ಯಂತ್ರ ಚಲಿಸುವ ಮೊದಲೇ ಹಿಟ್ಟು, ಬಟ್ಟೆ, ಔಷಧಗಳು ಅನೇಕ ಹಳ್ಳಿಗಳನ್ನು ತಲುಪಿದ್ದವು.

ಬೆಂಗಳೂರಿಗೆ ಹೋದ ತಂತಿ

ಈ ಕಥೆಯಲ್ಲಿ ನಮ್ಮ ನಾಡಿನ ಪ್ರವೇಶವಾಗುವುದು ಇಲ್ಲಿ. ಆ ವರ್ಷದ ಮಾರ್ಚಿನಲ್ಲಿ ಪ್ರವಾಸದಲ್ಲಿದ್ದಾಗ ಗಾಂಧೀಜಿಯವರಿಗೆ ತೀವ್ರ ರಕ್ತದೊತ್ತಡದಿಂದ ಆರೋಗ್ಯ ಕೆಟ್ಟು, ವೈದ್ಯರು ಸಂಪೂರ್ಣ ವಿಶ್ರಾಂತಿಯನ್ನು ವಿಧಿಸಿದ್ದರು. ಏಪ್ರಿಲಿನಿಂದ ನಂದಿಬೆಟ್ಟದಲ್ಲಿಯೂ, ಜೂನ್ ಮೊದಲ ವಾರದಿಂದ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿಯೂ ಮೈಸೂರು ಸಂಸ್ಥಾನದ ಅತಿಥಿಯಾಗಿ ಅವರು ವಿಶ್ರಮಿಸುತ್ತಿದ್ದರು. ಗುಜರಾತಿನ ಪ್ರವಾಹದ ಸುದ್ದಿ ಅವರಿಗೆ ಮುಟ್ಟಿದ್ದು ಬೆಂಗಳೂರಿನಲ್ಲಿ.

ತಾವು ಹೊರಟು ಬರಬೇಕೇ ಎಂದು ಗಾಂಧೀಜಿ ವಿಚಾರಿಸಿದರು. ವಲ್ಲಭಭಾಯಿಯವರು ಬೇಡವೆಂದರು. ಹತ್ತು ವರ್ಷಗಳಿಂದ ತಾವು ಗುಜರಾತಿಗೆ ಕಲಿಸಿದ್ದನ್ನು ಗುಜರಾತು ಕಲಿತಿದೆಯೋ ಇಲ್ಲವೋ ಎಂಬುದನ್ನು ನೋಡಬೇಕಾದರೆ ತಾವು ಅಲ್ಲಿಯೇ ಇರಬೇಕೆಂಬುದು ಅವರ ಉತ್ತರದ ಸಾರ. ಗಾಂಧೀಜಿ ಈ ಮಾತನ್ನು ಒಪ್ಪಿ ಬೆಂಗಳೂರಿನಲ್ಲಿಯೇ ಉಳಿದರು. ತಮ್ಮ ಪತ್ರಿಕೆಗಳ ಮೂಲಕ ಪರಿಹಾರ ನಿಧಿಗಾಗಿ ಮನವಿ ಮಾಡಿದರು.

ಈ ಉತ್ತರವನ್ನು ಕಳುಹಿಸುವುದು ಸುಲಭವಾಗಿರಲಿಲ್ಲ. ಗಾಂಧೀಜಿ ಬಂದರೆ ಹಣ ಹರಿದುಬರುತ್ತಿತ್ತು, ಪತ್ರಿಕೆಗಳು ಬರೆಯುತ್ತಿದ್ದವು, ಸರಕಾರ ಎಚ್ಚೆತ್ತುಕೊಳ್ಳುತ್ತಿತ್ತು. ಅವರಿಲ್ಲದೆ ಕೆಲಸ ಕೆಟ್ಟಿದ್ದರೆ ದೋಷವೆಲ್ಲ ವಲ್ಲಭಭಾಯಿಯವರ ತಲೆಯ ಮೇಲೆ. ಹಸಿದ ಜನರ ಪ್ರಾಣವನ್ನು ಪಣಕ್ಕಿಟ್ಟ ಅಪಕೀರ್ತಿಯೂ ಬರಬಹುದಿತ್ತು. ಆದರೆ ಮಹಾತ್ಮರು ಬಂದೊಡನೆ ಕಾರ್ಯಕರ್ತರೆಲ್ಲ ಅವರ ಸುತ್ತ ನೆರೆಯುವರು, ಜನ ದರ್ಶನಕ್ಕಾಗಿ ಬರುವರು, ಹಳ್ಳಿಯ ಕೆಲಸ ಹಿಂದೆ ಬೀಳುವುದು. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮ ಸಂಕಟವನ್ನು ತಾವೇ ಎದುರಿಸಿ ಗೆದ್ದೆವೆಂಬ ಧೈರ್ಯ ಜನರಿಗೆ ಬರಬೇಕಾದರೆ ಅದನ್ನು ಅವರೇ ಮಾಡಬೇಕು. ಇದನ್ನು ಅವರು ಅರಿತಿದ್ದರು.

ಬೀಜ, ತಗಡು ಮತ್ತು ಲೆಕ್ಕಪತ್ರ

ಪ್ರವಾಹದ ಮೊದಲ ವಾರ ಕಳೆದ ಬಳಿಕ ಸಾಮಾನ್ಯವಾಗಿ ಉತ್ಸಾಹ ಇಳಿಯುತ್ತದೆ. ಅನ್ನ ಹಂಚಿದವರು ಮನೆಗೆ ಮರಳುತ್ತಾರೆ. ವಲ್ಲಭಭಾಯಿಯವರ ನಿಜವಾದ ಕೆಲಸ ಆರಂಭವಾದದ್ದು ಅಲ್ಲಿಂದ ಮುಂದೆ.

ಮೊದಲನೆಯದು ಬಿತ್ತನೆ ಬೀಜ. ಮುಂಗಾರಿನ ಹದ ಇನ್ನೂ ಕೆಲವೇ ದಿನ ಉಳಿದಿತ್ತು. ಆ ದಿನಗಳಲ್ಲಿ ಬೀಜ ಕೈಗೆ ಸಿಕ್ಕರೆ ರೈತ ಮತ್ತೆ ಬಿತ್ತಿ ಒಂದಿಷ್ಟಾದರೂ ಬೆಳೆ ತೆಗೆಯಬಲ್ಲ. ಸಿಗದಿದ್ದರೆ ಮುಂದಿನ ಮಳೆಗಾಲದವರೆಗೆ ಅವನು ಬೇಡಿ ಉಣ್ಣಬೇಕು. ಕಡತಗಳು ಮೇಜಿನಿಂದ ಮೇಜಿಗೆ ಚಲಿಸಿ ಸಾಲ ಮಂಜೂರಾಗುವಷ್ಟರಲ್ಲಿ ಹದ ತಪ್ಪಿಹೋಗುವುದೆಂದು ಒಕ್ಕಲುಮಗನಾದ ಅವರಿಗೆ ತಿಳಿದಿತ್ತು. ಆದುದರಿಂದ ಸಮಿತಿಯ ಹಣದಿಂದಲೇ ಬೀಜ ಕೊಂಡು, ಹಳ್ಳಿಹಳ್ಳಿಗೆ ತಲುಪಿಸುವ ಏರ್ಪಾಡು ಮಾಡಿದರು.

ಎರಡನೆಯದು ಸೂರು. ಕುಸಿದ ಮನೆಗಳನ್ನು ಕಟ್ಟಿಕೊಳ್ಳಲು ಮರಮುಟ್ಟು, ಬಿದಿರು, ತಗಡು ಬೇಕು. ಇಂಥ ಹೊತ್ತಿನಲ್ಲಿ ವ್ಯಾಪಾರಿಗಳು ಬೆಲೆ ಏರಿಸುವುದು ಸಾಮಾನ್ಯ. ಅದನ್ನು ತಡೆಯಲು ಸಗಟಿನಲ್ಲಿ ಸಾಮಗ್ರಿ ತರಿಸಿ, ಅಗ್ಗದ ಅಂಗಡಿಗಳನ್ನು ತೆರೆಸಿದರು. ಎಲ್ಲವನ್ನೂ ಪುಕ್ಕಟೆ ಹಂಚಲಿಲ್ಲ ಎಂಬುದು ಗಮನಾರ್ಹ. ಏನೂ ಇಲ್ಲದವರಿಗೆ ದಾನ, ತುಸು ಉಳಿದವರಿಗೆ ಅಗ್ಗದ ಬೆಲೆ, ಭೂಮಿಯಿದ್ದವರಿಗೆ ಸಾಲ ಎಂಬ ವಿವೇಚನೆ ಅಲ್ಲಿತ್ತು. ಕೈಚಾಚುವುದನ್ನು ಅಭ್ಯಾಸ ಮಾಡಿಸಿದರೆ ನೆರೆಗಿಂತ ಹೆಚ್ಚಿನ ಹಾನಿಯಾಗುವುದೆಂದು ಅವರು ನಂಬಿದ್ದರು.

ಮೂರನೆಯದು ಸರಕಾರದ ಹೊಣೆ. ಅಸಹಕಾರದ ನಾಯಕರಾದರೂ ಅವರು ಸರಕಾರದ ಖಜಾನೆ ಜನರ ಹಣವೆಂಬುದನ್ನು ಮರೆಯಲಿಲ್ಲ. ಮುಂಬಯಿ ಸರಕಾರದೊಡನೆ ಅಂಕಿಅಂಶಗಳನ್ನು ಮುಂದಿಟ್ಟು ವಾದಿಸಿ, ಪುನರ್ವಸತಿಗಾಗಿ ಸುಮಾರು ಒಂದು ಕೋಟಿ ರೂಪಾಯಿಗಳ ನೆರವು ಮತ್ತು ಸಾಲಕ್ಕೆ ಒಪ್ಪಿಸಿದರು. ಆ ಕಾಲಕ್ಕೆ ಇದು ಬಹು ದೊಡ್ಡ ಮೊತ್ತ. ಹಳ್ಳಿಗಳಲ್ಲಿ ಯಾರಿಗೆ ಎಷ್ಟು ನಷ್ಟವಾಗಿದೆಯೆಂಬ ಪಟ್ಟಿ ಸ್ವಯಂಸೇವಕರ ಬಳಿ ಸಿದ್ಧವಾಗಿದ್ದುದರಿಂದ ಅಧಿಕಾರಿಗಳು ಅವರನ್ನೇ ಅವಲಂಬಿಸಬೇಕಾಯಿತು. ಬಂದ ಹಣದ ಲೆಕ್ಕದ ವಿಷಯದಲ್ಲಿ ವಲ್ಲಭಭಾಯಿಯವರು ಅತ್ಯಂತ ಕಟ್ಟುನಿಟ್ಟು. ಜಾತಿ, ಮತಗಳ ಭೇದವಿಲ್ಲದೆ, ಊರಾಚೆಯ ಕೇರಿಗಳಿಗೂ ನೆರವು ಮುಟ್ಟಬೇಕೆಂಬುದು ಸ್ವಯಂಸೇವಕರಿಗೆ ವಿಧಿಸಿದ ಕಟ್ಟಳೆಯಾಗಿತ್ತು.

ಇದರಲ್ಲಿ ಮಕ್ಕಳ ವಿಷಯವೆಲ್ಲಿ ಬಂತೆಂದು ಯಾರಾದರೂ ಕೇಳಬಹುದು. ನೆರೆಯಲ್ಲಿ ಮನೆ ಕಳೆದುಕೊಂಡ ಮಗುವಿನ ದೃಷ್ಟಿಯಿಂದ ನೋಡಿದರೆ ಉತ್ತರ ತಾನಾಗಿ ಹೊಳೆಯುತ್ತದೆ. ಮಗುವಿಗೆ ಭಯ ಹೋಗುವುದು ಸಾಂತ್ವನದ ಮಾತಿನಿಂದ ಮಾತ್ರವಲ್ಲ. ತಲೆಯ ಮೇಲೆ ಸೂರು ಬಂದಾಗ, ಒಲೆಯಲ್ಲಿ ಬೆಂಕಿ ಕಂಡಾಗ, ಅಪ್ಪ ಮತ್ತೆ ನೇಗಿಲು ಹೊತ್ತು ಹೊಲಕ್ಕೆ ಹೊರಟಾಗ, ಶಾಲೆಯ ಗಂಟೆ ಮೊದಲಿನಂತೆ ಕೇಳಿಸಿದಾಗ ಅದರ ಲೋಕ ಸರಿಹೋಗುತ್ತದೆ. ತಂದೆತಾಯಿಯರನ್ನು ದುಡಿಮೆಗೆ ಹಿಂದಿರುಗಿಸಿದ್ದೇ ಚರೋತರದ ಮಕ್ಕಳಿಗೆ ದೊರೆತ ಮೊದಲ ಚಿಕಿತ್ಸೆ.

ನೆರೆಯಿಂದ ಬಾರ್ಡೋಲಿಗೆ

ಪರಿಹಾರ ಕಾರ್ಯ ಮುಗಿಯುತ್ತ ಬರುವಷ್ಟರಲ್ಲಿ ಸೂರತ್ ಜಿಲ್ಲೆಯ ಬಾರ್ಡೋಲಿ ತಾಲೂಕಿನ ರೈತರು ವಲ್ಲಭಭಾಯಿಯವರ ಬಳಿ ಬಂದರು. ಕಂದಾಯವನ್ನು ಶೇಕಡಾ 22ರಷ್ಟು ಏರಿಸಲಾಗಿತ್ತು. 1928ರ ಫೆಬ್ರವರಿ 12ರಂದು ಕರನಿರಾಕರಣೆಯ ಸತ್ಯಾಗ್ರಹ ಆರಂಭವಾಯಿತು. ತಾಲೂಕನ್ನು ಶಿಬಿರಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಬ್ಬ ಮುಖಂಡನನ್ನು ನೇಮಿಸಲಾಯಿತು. ಆ ಮುಖಂಡರಲ್ಲಿ ರವಿಶಂಕರ ಮಹಾರಾಜ್, ದರಬಾರ್ ಗೋಪಾಲದಾಸ್, ಡಾ. ಸುಮಂತ ಮೆಹ್ತಾ ಮೊದಲಾದವರೇ ಇದ್ದರು. ಅಂದರೆ ಪ್ರವಾಹದಲ್ಲಿ ಪಳಗಿದ ಪಡೆಯೇ ಬಾರ್ಡೋಲಿಯಲ್ಲಿ ನಿಂತಿತು. ಆರು ತಿಂಗಳ ಕಾಲ ಜಪ್ತಿ, ಹರಾಜು, ಬೆದರಿಕೆಗಳಿಗೆ ಬಗ್ಗದೆ ರೈತರು ಗಟ್ಟಿಯಾಗಿ ನಿಂತರು. ಆಗಸ್ಟಿನಲ್ಲಿ ಸರಕಾರ ಒಪ್ಪಂದಕ್ಕೆ ಬಂದಿತು. ಬಳಿಕ ನಡೆದ ವಿಚಾರಣೆಯು ಏರಿಕೆ ಶೇಕಡಾ 6.03ರಷ್ಟು ಮಾತ್ರ ನ್ಯಾಯವೆಂದು ಹೇಳಿತು. ವಲ್ಲಭಭಾಯಿ ಜನರ ಬಾಯಿಯಲ್ಲಿ ಸರ್ದಾರ್ ಆದದ್ದು ಈ ಹೋರಾಟದಲ್ಲಿ. ಆದರೆ ಆ ಬಿರುದಿನ ಬೇರು ಹಿಂದಿನ ವರ್ಷದ ಕೆಸರಿನಲ್ಲಿತ್ತು. ಸಂಕಟದಲ್ಲಿ ತಮ್ಮ ಮನೆಬಾಗಿಲಿಗೆ ಬಂದವರನ್ನು ಜನ ಸಂಗ್ರಾಮದಲ್ಲಿಯೂ ನಂಬುತ್ತಾರೆ.

ಬೋರಸದದ ಪ್ಲೇಗು

ಸೆರೆವಾಸ, ಅನಾರೋಗ್ಯಗಳಿಂದ ಬಳಲಿದ್ದ ಸರ್ದಾರರಿಗೆ 1935ರಲ್ಲಿ ಅರುವತ್ತು ವರ್ಷ. ತಾವು ಹಿಂದೆ ವಕೀಲಿ ಮಾಡಿದ ಬೋರಸದ ತಾಲೂಕಿನಲ್ಲಿ 1932ರಿಂದ ವರ್ಷವರ್ಷವೂ ಪ್ಲೇಗು ಮರುಕಳಿಸುತ್ತಿತ್ತು. ಅವರು ಬೋರಸದದಲ್ಲಿಯೇ ಬಿಡಾರ ಹೂಡಿದರು. ಡಾ. ಭಾಸ್ಕರ ಪಟೇಲರ ನೇತೃತ್ವದಲ್ಲಿ ತಾತ್ಕಾಲಿಕ ಆಸ್ಪತ್ರೆ ತೆರೆಯಿತು. ಸ್ವಯಂಸೇವಕರು ಹಳ್ಳಿಗಳಿಗೆ ಹೋಗಿ ಮನೆಗಳ ಸಾಮಾನನ್ನು ಹೊರತೆಗೆಸಿ ಬಿಸಿಲಿಗೆ ಹಾಕಿಸಿದರು, ಇಲಿಯ ಬಿಲಗಳನ್ನು ಮುಚ್ಚಿಸಿದರು, ಓಣಿಗಳನ್ನು ಗುಡಿಸಿದರು. ರೋಗವೆಂದರೆ ದೈವಕೋಪವೆಂದು ನಂಬಿ ಕೈಕಟ್ಟಿ ಕುಳಿತಿದ್ದವರಿಗೆ ಕರಪತ್ರಗಳ ಮೂಲಕ ಇಲಿ, ಚಿಗಟ, ಕೊಳಕುಗಳ ಸಂಬಂಧವನ್ನು ಸರಳವಾಗಿ ತಿಳಿಹೇಳಲಾಯಿತು. ಮೇ ತಿಂಗಳಿನಲ್ಲಿ ಗಾಂಧೀಜಿಯವರೂ ಬಂದು ಹಳ್ಳಿಗಳಲ್ಲಿ ಸಂಚರಿಸಿದರು. ಪ್ಲೇಗು ಹತೋಟಿಗೆ ಬಂದಿತು. ಗೋಧ್ರಾದಲ್ಲಿ ಸ್ನೇಹಿತನನ್ನು ಉಳಿಸಿಕೊಳ್ಳಲಾಗದ ತರುಣ ವಕೀಲರು, ಮೂವತ್ತೈದು ವರ್ಷಗಳ ಬಳಿಕ ಅದೇ ರೋಗವನ್ನು ಒಂದು ತಾಲೂಕಿನಿಂದಲೇ ಓಡಿಸಿದರು.

ಕೊನೆಯ ವರ್ಷಗಳು

ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ಖಾಸಗಿ ಗುತ್ತಿಗೆದಾರರ ಶೋಷಣೆಯಿಂದ ಬೇಸತ್ತಾಗ, ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿಕೊಳ್ಳುವಂತೆ ಪ್ರೇರೇಪಿಸಿದವರು ಸರ್ದಾರರೇ. 1946ರ ಡಿಸೆಂಬರಿನಲ್ಲಿ ನೋಂದಣಿಯಾದ ಆ ಸಂಘವೇ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ಬೆಳೆದು ಅಮೂಲ್ ಆಯಿತು. ಒಂದು ಕಾಲಕ್ಕೆ ನೆರೆ ಬಂದು ದನಕರುಗಳನ್ನು ಕಳೆದುಕೊಂಡ ಸೀಮೆ, ದೇಶಕ್ಕೇ ಹಾಲು ಕುಡಿಸುವ ಸೀಮೆಯಾಯಿತು. ಜನರನ್ನು ಅವರ ದುಡಿಮೆಯ ಮೇಲೆಯೇ ನಿಲ್ಲಿಸಬೇಕೆಂಬ 1927ರ ವಿಚಾರವೇ ಇಲ್ಲಿಯೂ ಕೆಲಸ ಮಾಡಿತು.

ಸ್ವತಂತ್ರ ಭಾರತದ ಉಪಪ್ರಧಾನಿಯಾಗಿ, ಗೃಹಮಂತ್ರಿಯಾಗಿ ಅವರು ಮಾಡಿದ ಕಾರ್ಯ ಎಲ್ಲರಿಗೂ ತಿಳಿದದ್ದೇ. 1950ರ ಡಿಸೆಂಬರ್ 15ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು. 1991ರಲ್ಲಿ ಅವರಿಗೆ ಮರಣೋತ್ತರವಾಗಿ ಭಾರತರತ್ನ ಪ್ರಶಸ್ತಿ ಸಂದಿತು.

ನಮ್ಮ ಕಾಲಕ್ಕೆ ಅವರ ಪಾಠ

ಈ ಮೂರು ನಗರಗಳಲ್ಲಿ ಬಹುಕಾಲದಿಂದ ಇರುವ ಕನ್ನಡ ಕುಟುಂಬಗಳಿಗೆ ಪ್ರಕೃತಿಯ ವಿಕೋಪ ಕೇಳಿದ ಕಥೆಯಲ್ಲ. 1994ರಲ್ಲಿ ಸೂರತ್ ನಗರ ಪ್ಲೇಗಿನ ಭೀತಿಯಿಂದ ಬರಿದಾದುದನ್ನು, ಅದರ ಬಳಿಕ ಅದೇ ನಗರ ಸ್ವಚ್ಛತೆಗೆ ಹೆಸರಾದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರಿನಿಂದ ತಾಪಿ ನದಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತು. 2019ರಲ್ಲಿ, ಮತ್ತೆ 2024ರಲ್ಲಿ ವಿಶ್ವಾಮಿತ್ರಿಯ ನೀರು ವಡೋದರಾದ ಮನೆಗಳಿಗೆ ನುಗ್ಗಿತು.

2001ರ ಜನವರಿ 26ರ ಬೆಳಗಿನ ಭೂಕಂಪವನ್ನಂತೂ ಮರೆಯುವಂತಿಲ್ಲ. 13,000ಕ್ಕೂ ಹೆಚ್ಚು ಜನ ಅಸುನೀಗಿದರು. ಕಚ್ಛದ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಸಾಗುತ್ತಿದ್ದ ಶಾಲಾಮಕ್ಕಳು ಮತ್ತು ಅವರ ಶಿಕ್ಷಕರು ಕುಸಿದ ಕಟ್ಟಡಗಳಡಿ ಸಿಲುಕಿ ಮೃತರಾದರು. ಆ ಮಕ್ಕಳ ನೆನಪಿಗಾಗಿ ಅಂಜಾರಿನಲ್ಲಿ ವೀರ ಬಾಲಕ ಸ್ಮಾರಕ 2022ರಲ್ಲಿ ತೆರೆಯಿತು. ಬದುಕುಳಿದ ಮಕ್ಕಳು ರಾತ್ರಿ ಬೆಚ್ಚಿ ಏಳುತ್ತಿದ್ದರು, ಸೂರಿನ ಕೆಳಗೆ ಮಲಗಲು ಅಂಜುತ್ತಿದ್ದರು. ಅಂಥವರ ಮನಸ್ಸಿನ ಗಾಯವನ್ನು ಮಾಯಿಸುವ ಕೆಲಸಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಗುಜರಾತಿಗೆ ಬಂದರೆಂಬುದು ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ. ಅವರು ಮಾಡಿದ ಮುಖ್ಯ ಕೆಲಸವೆಂದರೆ ಸ್ಥಳೀಯ ಕಾರ್ಯಕರ್ತರಿಗೆ ತರಬೇತಿ ನೀಡಿದ್ದು: ಸಂತ್ರಸ್ತರ ಮಾತನ್ನು ತಾಳ್ಮೆಯಿಂದ ಕೇಳುವುದು, ಆಟ, ಚಿತ್ರ, ಕಥೆಗಳ ಮೂಲಕ ಮಕ್ಕಳ ಮನಸ್ಸನ್ನು ಹಗುರಗೊಳಿಸುವುದು, ಆದಷ್ಟು ಬೇಗ ಅವರನ್ನು ನಿತ್ಯದ ದಿನಚರಿಗೆ ಮರಳಿಸುವುದು. ಹೊರಗಿನ ತಜ್ಞ ಹೊರಟುಹೋಗುತ್ತಾನೆ, ಊರಿನವರು ಉಳಿಯುತ್ತಾರೆ. ಆದುದರಿಂದ ಊರಿನವರನ್ನೇ ಸಿದ್ಧಗೊಳಿಸಬೇಕು. ಬೆಂಗಳೂರಿಗೆ ಹೋದ ಆ ಹಳೆಯ ತಂತಿಯ ತಿರುಳೂ ಇದೇ ಅಲ್ಲವೇ?

ನಮ್ಮ ತವರಿನಲ್ಲಿಯೂ 2009ರಲ್ಲಿ ಉತ್ತರ ಕರ್ನಾಟಕ, 2018ರಲ್ಲಿ ಕೊಡಗು, 2019ರಲ್ಲಿ ಮತ್ತೆ ಕೃಷ್ಣಾ, ಮಲಪ್ರಭಾ ತೀರಗಳು ನೆರೆಗೆ ತುತ್ತಾದವು. ಇಂಥ ಸ್ಥಿತಿಯಲ್ಲಿ ದೂರದಲ್ಲಿರುವ ನಾವು ಹಳೆಯ ಬಟ್ಟೆಗಳನ್ನು ಕಟ್ಟಿ ಕಳುಹಿಸಿ ಸಮಾಧಾನಪಡುವುದುಂಟು. ಅದು ತಪ್ಪಲ್ಲ. ಆದರೆ ಸರ್ದಾರರ ಬಾಳು ನಮ್ಮನ್ನು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತದೆ. ಆ ಊರಿನವರಿಗೆ ಈಗ ನಿಜವಾಗಿ ಬೇಕಾದದ್ದೇನು? ಅದು ಹದ ಮೀರುವ ಮುನ್ನ ತಲುಪುವುದೇ? ಎಲ್ಲರಿಗಿಂತ ಹಿಂದೆ ಉಳಿದವರಿಗೆ ಮುಟ್ಟುವುದೇ? ಮೂರು ತಿಂಗಳ ಬಳಿಕವೂ ನಾವು ಅವರನ್ನು ವಿಚಾರಿಸುವೆವೇ?

ಅಹಮದಾಬಾದಿನ ಶಾಹಿಬಾಗಿನಲ್ಲಿ ಮೋತಿ ಶಾಹಿ ಮಹಲಿನಲ್ಲಿ ಸರ್ದಾರರ ಸ್ಮಾರಕವಿದೆ. ವಡೋದರಾದಿಂದ ಒಂದು ಗಂಟೆಯ ದಾರಿಯಲ್ಲಿ ಕರಮಸದವಿದೆ. ಸೂರತ್ತಿನ ಸಮೀಪ ಬಾರ್ಡೋಲಿಯ ಸ್ವರಾಜ್ ಆಶ್ರಮವಿದೆ. 2018ರಲ್ಲಿ ಕೇವಡಿಯಾದಲ್ಲಿ ಸ್ಥಾಪನೆಯಾದ 182 ಮೀಟರ್ ಎತ್ತರದ ಪ್ರತಿಮೆಯನ್ನು ನೋಡಲು ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ಹಿರಿಯರು, ಈ ಮೂರು ಸ್ಥಳಗಳನ್ನೂ ಒಮ್ಮೆ ತೋರಿಸಲಿ. ಮಳೆಯ ರಾತ್ರಿಯಲ್ಲಿ ನಿದ್ರೆ ಬಿಟ್ಟು ಎದ್ದು, ನಗರದ ಮೋರಿಗಳನ್ನು ತೆರೆಸಲು ಹೊರಟ ಪುರಸಭೆಯ ಅಧ್ಯಕ್ಷರ ಕಥೆಯನ್ನು ಅವರಿಗೆ ಕನ್ನಡದಲ್ಲಿಯೇ ಹೇಳಲಿ.